ಕೂರಲು ಒಂದು ಸ್ಟೂಲು ಕೇಳುವುದು ತಪ್ಪೇ?

ಕೆಲಸದ ಕಡೆ ತೊಂದರೆಯಾಯಿತೆಂದು ಮಕ್ಕಳು ಹೇಳಿಕೊಂಡರೆ ನಮ್ಮ ಮನೆಗಳಲ್ಲಿ ಸಿಗುವ ಬುದ್ಧಿಮಾತು ಹೆಚ್ಚಾಗಿ ಒಂದೇ: "ಹೊಂದಿಕೊಂಡು ಹೋಗಮ್ಮ, ದೇವರು ನೋಡ್ಕೋತಾನೆ." ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಊರಿನ ಮಾತು ತಮಿಳು, ಮನೆಯ ಮಾತು ಕನ್ನಡ. ಕೆಲಸ ಹೋದರೆ ಮುಂದಿನ ತಿಂಗಳ ಬಾಡಿಗೆಗೆ ಏನು ಮಾಡುವುದು ಎಂಬ ಹೆದರಿಕೆ. ಆದರೆ ಈ ಹೆದರಿಕೆಗೆ ನಾವು ದೀನತೆ ಎಂಬ ಪುಣ್ಯದ ಹೆಸರಿಟ್ಟು ಸುಮ್ಮನಾಗುತ್ತೇವೆ. ಎರಡೂ ಒಂದೇ ಅಲ್ಲ. ಧರ್ಮಗ್ರಂಥವನ್ನು ತೆರೆದು ನೋಡೋಣ.

ಪ್ರೇಷಿತರ ಕಾರ್ಯಕಲಾಪಗಳು, ಆರನೆಯ ಅಧ್ಯಾಯ. ಜೆರುಸಲೇಮಿನ ಮೊದಲ ಧರ್ಮಸಭೆಯಲ್ಲೂ ನಮ್ಮ ಧರ್ಮಪ್ರಾಂತ್ಯದ ಹಾಗೆ ಬೇರೆ ಬೇರೆ ಭಾಷೆಯ ಜನರಿದ್ದರು. ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವವರ ಕಡೆಯ ವಿಧವೆಯರಿಗೆ ಪಾಲು ತಪ್ಪುತ್ತಿತ್ತು. ಅವರ ಜನ ಅದನ್ನು ನುಂಗಿಕೊಳ್ಳಲಿಲ್ಲ, ದೂರು ಕೊಟ್ಟರು. ಪ್ರೇಷಿತರು ಏನು ಮಾಡಿದರು? ತಾಳ್ಮೆ ಕಲಿಯಿರಿ ಎಂದು ಪ್ರಸಂಗ ಮಾಡಲಿಲ್ಲ. ಎಲ್ಲರನ್ನೂ ಕರೆದು, ಆ ಕೆಲಸಕ್ಕೆಂದೇ ಏಳು ಮಂದಿಯನ್ನು ಆರಿಸಲು ಹೇಳಿದರು. ಆಯ್ಕೆಯಾದವರ ಹೆಸರುಗಳನ್ನು ಓದಿ ನೋಡಿ. ಸ್ತೇಫನನಿಂದ ಹಿಡಿದು ಏಳೂ ಗ್ರೀಕ್ ಹೆಸರುಗಳೇ! ಅಲ್ಪಸಂಖ್ಯಾತರ ಗೊಣಗಾಟವೆಂದು ತಳ್ಳಿಹಾಕಿದ್ದರೆ ಸ್ತೇಫನನ ಸೇವೆ ಧರ್ಮಸಭೆಗೆ ಹೀಗೆ ಸಿಗುತ್ತಿರಲಿಲ್ಲ.

ಆ ದೂರಿನ ರೀತಿಯನ್ನೂ ಗಮನಿಸಬೇಕು. 'ಅವರು ಕೆಟ್ಟವರು' ಎಂಬುದಲ್ಲ ಅದು. 'ಇಂಥವರಿಗೆ ಇಂಥದ್ದು ಸಿಗುತ್ತಿಲ್ಲ' ಎಂಬುದು. ಸರಿಪಡಿಸಬಲ್ಲವರ ಕಿವಿಗೇ ಅದು ಬಿತ್ತು.

ಇನ್ನೊಂದು ಕೆನ್ನೆಯನ್ನೂ ತೋರಿಸಬೇಕೆಂದ ಪ್ರಭುವಿನ ಬೋಧನೆ ನಮಗೆಲ್ಲ ಬಾಯಿಪಾಠ. ಆದರೆ ಯೊವಾನ್ನನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಕಾವಲುಗಾರನೊಬ್ಬ ಕೆನ್ನೆಗೆ ಹೊಡೆದಾಗ ಪ್ರಭು ತಿರುಗಿ ಹೊಡೆಯಲೂ ಇಲ್ಲ, ಸುಮ್ಮನಿರಲೂ ಇಲ್ಲ. ನಾನು ತಪ್ಪಾಗಿ ಮಾತನಾಡಿದ್ದರೆ ತೋರಿಸಿಕೊಡು, ಇಲ್ಲವಾದರೆ ಹೊಡೆದದ್ದೇಕೆ ಎಂದು ಕೇಳಿದರು. ಕೈಕಟ್ಟಿದ ಸ್ಥಿತಿಯಲ್ಲಿ ಕೇಳಿದ ಪ್ರಶ್ನೆ ಅದು. ಇನ್ನು ಫಿಲಿಪ್ಪಿಯಲ್ಲಿ ಸಂತ ಪೌಲರನ್ನು ವಿಚಾರಣೆಯಿಲ್ಲದೆ ಹೊಡೆಸಿ, ಬೆಳಗಾದ ಮೇಲೆ ಸದ್ದಿಲ್ಲದೆ ಹೊರಟುಹೋಗಲು ಹೇಳಿದಾಗ ಅವರು ಕದಲಲಿಲ್ಲ. ತಾವು ರೋಮ್ ಪೌರರು, ಅಧಿಕಾರಿಗಳೇ ಬಂದು ಬಿಡಿಸಲಿ ಎಂದರು. ಪೌಲರಿಗೆ ಕಾನೂನು ತಿಳಿದಿತ್ತು. ನಮಗೆಷ್ಟು ತಿಳಿದಿದೆ?

ನಮ್ಮ ಉಡುಮಲೈಪೇಟೆಯ ಜವಳಿ ಅಂಗಡಿಗಳಲ್ಲಿ, ಒಡವೆ ಅಂಗಡಿಗಳಲ್ಲಿ ಮಾರಾಟಕ್ಕೆ ನಿಲ್ಲುವ ಹೆಣ್ಣುಮಕ್ಕಳನ್ನೇ ನೋಡಿ. ನಿಲ್ಲುವುದು ಎಂದರೆ ನಿಜಕ್ಕೂ ನಿಲ್ಲುವುದು, ಬೆಳಗಿನಿಂದ ಷಟರ್ ಎಳೆಯುವವರೆಗೆ. ಪೊಳ್ಳಾಚಿ, ಪಾಲಕ್ಕಾಡು ದಾಟಿ ಹೋದರೆ ಸಿಗುವ ಕೋಝಿಕ್ಕೋಡಿನಲ್ಲೂ ಇದೇ ಕಥೆಯಿತ್ತು. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ; ಶೌಚಾಲಯವಿಲ್ಲದ ಕಾರಣ ಎಷ್ಟೋ ಹೆಂಗಸರು ನೀರನ್ನೇ ಕುಡಿಯುತ್ತಿರಲಿಲ್ಲ. ಅಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ಎಂಬವರು ಈ ಹೆಂಗಸರನ್ನು 'ಪೆಣ್‌ಕೂಟ್ಟ್' ಎಂಬ ಹೆಸರಿನಲ್ಲಿ ಒಟ್ಟುಗೂಡಿಸಿದರು. ಮೊದಲು ಕೇಳಿದ್ದು ಶೌಚಾಲಯ, ಆಮೇಲೆ ಕೂರಲು ಜಾಗ. ವರ್ಷಗಟ್ಟಲೆ ಕೇಳಿದರು. 2018ರಲ್ಲಿ ಕೇರಳ ಸರ್ಕಾರ ಕಾನೂನು ತಿದ್ದಿತು. 2021ರಲ್ಲಿ ತಮಿಳುನಾಡು ಕೂಡ ತನ್ನ ಅಂಗಡಿಗಳು ಮತ್ತು ಸಂಸ್ಥೆಗಳ ಕಾಯ್ದೆಗೆ ಇದನ್ನು ಸೇರಿಸಿತು: ಕೆಲಸದವರೆಲ್ಲರಿಗೂ ಕೂರಲು ಆಸನ ಇರಲೇಬೇಕು. ಅಂದರೆ ನಮ್ಮ ಮಗಳು ಸ್ಟೂಲು ಕೇಳಿದರೆ ಅದು ಸೊಕ್ಕಲ್ಲ, ಕಾನೂನು ಕೊಟ್ಟಿರುವುದನ್ನೇ ಅವಳು ಕೇಳುತ್ತಿದ್ದಾಳೆ.

ಕೇಳುವ ಬಗೆ ಹೇಗೆ? ಗಿರಾಕಿಗಳ ಎದುರಿಗೆ ಬೇಡ. ಮೊದಲಾಳಿಗೆ ಬಿಡುವಿರುವ ಹೊತ್ತು ನೋಡಿ. ಒಬ್ಬರೇ ಹೋಗುವುದಕ್ಕಿಂತ ಇಬ್ಬರು ಮೂವರು ಹೋಗುವುದು ಮೇಲು. ಒಂದೇ ವಿಷಯ, ಎರಡೇ ಮಾತು: "ಅಣ್ಣಾ, ನಿಂತು ನಿಂತು ಕಾಲು ಊದುತ್ತಿದೆ. ಗಿರಾಕಿ ಇಲ್ಲದಾಗ ಕೂರಲು ಎರಡು ಸ್ಟೂಲು ಹಾಕಿಸಿಕೊಡಿ." ಹಳೆಯ ಕೋಪಗಳನ್ನೆಲ್ಲ ಅದರ ಜೊತೆ ಬಿಚ್ಚಬಾರದು. ತಮಿಳಿನಲ್ಲಿ ಹೇಳಬೇಕಾದರೆ ಮನೆಯಲ್ಲೇ ನಾಲ್ಕು ಸಲ ಹೇಳಿ ನೋಡಿಕೊಳ್ಳಿ. ಉಚ್ಚಾರ ಸ್ವಲ್ಪ ಕನ್ನಡದ್ದಾಗಿ ಕೇಳಿಸಿದರೆ ನಾಚಿಕೆಯೇನಿಲ್ಲ. ಅದೇ ನಾಲಿಗೆಯಿಂದಲ್ಲವೇ ದಿನವಿಡೀ ಸೀರೆ ಮಾರುವುದು?

ಕೆಟ್ಟ ಮಾತು, ಕೆಟ್ಟ ಕೈ ಇದ್ದ ಕಡೆ ಮಾತ್ರ ಈ ನಯದ ದಾರಿಗಾಗಿ ಕಾಯಬೇಕಾಗಿಲ್ಲ. ನೂಲಿನ ಮಿಲ್ಲಿಗೆ, ಗಾರ್ಮೆಂಟ್ಸಿಗೆ ಹೋಗುವವರು ಇದನ್ನು ತಿಳಿದಿರಬೇಕು. 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಹೆಚ್ಚು ಜನರಿರುವ ಕಡೆ ದೂರು ಕೇಳಲು ಆಂತರಿಕ ಸಮಿತಿ ಇರಬೇಕು, ಅದರ ಅಧ್ಯಕ್ಷೆ ಹೆಂಗಸೇ ಆಗಿರಬೇಕು. ಚಿಕ್ಕ ಜಾಗಗಳವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ದೂರನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು. ಬರೆಯಲು ಆಗದವರಿಗೆ ಸಮಿತಿಯವರೇ ನೆರವಾಗಬೇಕೆಂದು ಕಾನೂನೇ ಹೇಳುತ್ತದೆ. ತಮಿಳು ಓದು-ಬರಹ ಬಾರದ ನಮ್ಮ ಹೆಂಗಸರು ಇದೊಂದನ್ನು ಮರೆಯಬಾರದು. ತುರ್ತಿಗೆ 181 ಎಂಬ ಮಹಿಳಾ ಸಹಾಯವಾಣಿ ಇದೆ.

ಬಾಯಿ ತೆರೆದವರಿಗೆ ನಷ್ಟವೇ ಆಗದು ಎಂದು ನಾವು ಹೇಳುವುದಿಲ್ಲ. ಕೇಳಿದ್ದಕ್ಕೇ ಕೆಲಸ ಕಳೆದುಕೊಂಡವರಿದ್ದಾರೆ. ಅದಕ್ಕೇ ಒಬ್ಬಳನ್ನೇ ಮುಂದೆ ತಳ್ಳಿ ಉಳಿದವರು ಹಿಂದೆ ನಿಲ್ಲುವುದು ಅನ್ಯಾಯ. ಕೆಲಸಗಾರರು ಸಂಘ ಕಟ್ಟಿಕೊಳ್ಳುವುದು ಅವರ ಸಹಜ ಹಕ್ಕು ಎಂದು ಹದಿಮೂರನೆಯ ಲಿಯೋ ಜಗದ್ಗುರುಗಳು 1891ರಲ್ಲೇ 'ರೇರುಮ್ ನೋವಾರುಮ್' ಪತ್ರದಲ್ಲಿ ಬರೆದರು.

ಮುಂದಿನ ಅನ್ಬಿಯಂ ಕೂಟದಲ್ಲಿ ಪ್ರೇಷಿತರ ಕಾರ್ಯಕಲಾಪಗಳ ಈ ಭಾಗವನ್ನು (6:1–7) ಕನ್ನಡದಲ್ಲೇ ಓದೋಣ. ಓದಿದ ಮೇಲೆ ಕೆಲಸಕ್ಕೆ ಹೋಗುವ ಪ್ರತಿಯೊಬ್ಬರೂ ತಮ್ಮ ಕಡೆ ಸಿಗದಿರುವ ಒಂದೇ ಒಂದು ವಸ್ತುವನ್ನು ಹೆಸರಿಸಲಿ: ಸ್ಟೂಲೋ, ಸಂಬಳದ ಚೀಟಿಯೋ, ವಾರದ ರಜೆಯೋ. ತಮಿಳು ಚೆನ್ನಾಗಿ ಬರೆಯಬಲ್ಲ ಯುವಜನರು ಆ ಹೊತ್ತು ಪೆನ್ನು, ಕಾಗದ ತಂದಿರಲಿ.