ಗಾಣ ನಿಂತರೂ ಗಾಳಿ ನಿಲ್ಲಬಾರದು

ಗೋಬರ್ ಗ್ಯಾಸ್ ಇಟ್ಟುಕೊಂಡವರಿಗೆ ಗೊತ್ತು: ಕೆಲವು ವಾರ ಸೆಗಣಿ ಹಾಕದಿದ್ದರೆ ಉರಿ ಸೊರಗುತ್ತದೆ, ಮತ್ತೆ ಏಳಲು ಕಾಯಬೇಕು. ಸಕ್ಕರೆ ಕಾರ್ಖಾನೆಯ ಕೊಳಚೆ ಶುದ್ಧೀಕರಣ ಘಟಕದ್ದೂ ಇದೇ ಕಥೆ. ಅಲ್ಲಿ ನೀರನ್ನು ಶುದ್ಧ ಮಾಡೋದು ಬರೀ ಯಂತ್ರವಲ್ಲ, ಕಣ್ಣಿಗೆ ಕಾಣದ ಜೀವಿಗಳು. ಅವಕ್ಕೆ ಮೇವೂ ಬೇಕು, ಗಾಳಿಯೂ ಬೇಕು.

ಚುಂಚನಕಟ್ಟೆಯ ಶ್ರೀರಾಮ ಕಾರ್ಖಾನೆಗೆ ಕಬ್ಬು ಹಾಕಿದ ಕೆ.ಆರ್.ನಗರ ಕಡೆಯವರಿಗೆ 'ಸೀಸನ್ ಮುಗೀತು' ಅಂದರೆ ಗಾಣ ಬಿಚ್ಚುವ ಕಾಲ. ಕೊಳಚೆಯೂ ನಿಂತಿತು ಅಂದ್ಕೋಬೇಡಿ. ರಸ ಕುದಿಸುವ ಪಾತ್ರೆಗಳ ಕೊಳವೆಗೆ ಕಟ್ಟಿದ ಗಟ್ಟಿ ಪೊರೆ ಕೀಳಲು ಯಾವ ಕಾರ್ಖಾನೆಯಲ್ಲೂ ಕಾಸ್ಟಿಕ್ ಸೋಡಾ ಹಾಕಿ ಕುದಿಸುವುದುಂಟು. ಆ ನೀರನ್ನು ಒಮ್ಮೆಗೇ ಬಿಟ್ಟರೆ ಘಟಕದ ಜೀವಿಗಳು ಸಾಯುತ್ತವೆ. ಆಮೇಲೆ ಸೆಗಣಿ ಬಗ್ಗಡ ಹಾಕಿ ಹೊಸದಾಗಿ ಬೆಳೆಸಬೇಕು. ಬೇರೆ ತೊಟ್ಟಿಯಲ್ಲಿ ಹಿಡಿದು, ಕ್ಷಾರ ತಗ್ಗಿಸಿ, ದಿನಕ್ಕಿಷ್ಟು ಅಂತ ಬಿಡುವುದೇ ಸರಿ. ಘಟಕದ್ದೇ ರಿಪೇರಿಯಾದರೆ ಒಂದು ಬ್ಲೋವರ್ ಬಿಚ್ಚಿದಾಗ ಇನ್ನೊಂದು ಓಡುತ್ತಿರಬೇಕು. ನಿಂತಿದ್ದನ್ನು ಯಾರೂ ಹೇಳಬೇಕಿಲ್ಲ, ನಾತವೇ ಹೇಳುತ್ತದೆ!

2016ರ ಕೇಂದ್ರ ನಿಯಮ ಸ್ಪಷ್ಟ: ಕಬ್ಬು ನುರಿಸುವ ಒಂದು ತಿಂಗಳು ಮೊದಲೇ ಘಟಕ ಹದಕ್ಕೆ ಬಂದಿರಬೇಕು, ಮುಗಿದ ಮೇಲೂ ಒಂದು ತಿಂಗಳು ನಡೆಯಬೇಕು. ಹೊರಬಿಡುವ ನೀರು ಟನ್ ಕಬ್ಬಿಗೆ 200 ಲೀಟರ್ ಮೀರಬಾರದು.

ಈ ನೀರನ್ನು ಗದ್ದೆಗೆ ಹಾಯಿಸುವವರು ರಿಪೇರಿ ತಿಂಗಳಲ್ಲಿ ಪಿಎಚ್ ಕಾಗದ ಅದ್ದಿ ನೋಡಿ. 8.5 ದಾಟಿದರೆ ಮಡವೆ ಮುಚ್ಚಿ. ಕಾಗದ ಸರಿ ತೋರಿಸಿದರೂ ಸೋಡಿಯಂ ಉಳಿದಿರಬಹುದು; ಅದು ಹೆಚ್ಚಾದರೆ ಮಣ್ಣು ಹೆಪ್ಪುಗಟ್ಟಿ ನೀರು ಇಂಗದು. ಮಣ್ಣು ಪರೀಕ್ಷೆಗೆ ಕೊಡುವಾಗ ಸೋಡಿಯಂ ಕೂಡ ನೋಡಿ ಅಂತ ಬಾಯಿಬಿಟ್ಟು ಕೇಳಿ.