ಮನೆಯ ಗಣಕಯಂತ್ರಕ್ಕೆ ಸಂಸ್ಕಾರಕದ ಆಯ್ಕೆ ಮತ್ತು ಅದರ ವೇಗವರ್ಧನೆ

‘ಗಣಕ’ ಎಂಬ ಶಬ್ದವು ಸಂಸ್ಕೃತದಲ್ಲಿ ಲೆಕ್ಕಿಗನಿಗೂ ಜ್ಯೋತಿಷಿಗೂ ಸಲ್ಲುತ್ತಿತ್ತು. ಇಂದು ಅದು ಯಂತ್ರಕ್ಕೆ ಸಂದಿದೆ. ಆ ಯಂತ್ರದಲ್ಲಿ ಎಣಿಕೆಯ ಕಾರ್ಯವನ್ನು ನಡೆಸುವ ಅಂಗವೇ ಸಂಸ್ಕಾರಕ. ಅಂಗಡಿಯಲ್ಲಿಯೂ ಮನೆಯಲ್ಲಿಯೂ ಅದು ಪ್ರೊಸೆಸರ್ ಎಂದೇ ಪರಿಚಿತ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ, “ಗುರುಗಳೇ, ಮಗನಿಗೆ ಕಂಪ್ಯೂಟರ್ ಕೊಡಿಸಬೇಕು, ಯಾವುದು ಲೇಸು?” ಎಂದು ಕೇಳುವುದುಂಟು. ವ್ಯಾಕರಣ ಬೋಧಿಸುವವನನ್ನು ಹೀಗೆ ಕೇಳುವುದೇಕೆಂದರೆ, ಈ ವಿಷಯದಲ್ಲಿ ನಾನೊಮ್ಮೆ ಕೈಸುಟ್ಟುಕೊಂಡ ಸಂಗತಿ ಅವರಿಗೆ ತಿಳಿದಿದೆ. ಅದನ್ನು ಮುಂದೆ ನಿವೇದಿಸುತ್ತೇನೆ.

೧. ವೇಗದ ಸ್ವರೂಪ

ಸಂಸ್ಕಾರಕವು ಒಂದು ತಾಳಕ್ಕೆ ಅನುಗುಣವಾಗಿ ಕೆಲಸಮಾಡುತ್ತದೆ. ಆ ತಾಳಕ್ಕೆ ಕ್ಲಾಕ್ ಎಂದು ಹೆಸರು. ಸೆಕೆಂಡಿಗೆ ಹತ್ತು ಲಕ್ಷ ಬಡಿತಗಳಾದರೆ ಒಂದು ಮೆಗಾಹರ್ಟ್ಸ್. ನೂರು ಕೋಟಿಯಾದರೆ ಒಂದು ಗಿಗಾಹರ್ಟ್ಸ್. ೧೯೭೧ರಲ್ಲಿ ಇಂಟೆಲ್ ಸಂಸ್ಥೆ ಹೊರತಂದ ೪೦೦೪ ಎಂಬ ಸಂಸ್ಕಾರಕದಲ್ಲಿ ಸುಮಾರು ೨,೩೦೦ ಟ್ರಾನ್ಸಿಸ್ಟರುಗಳಿದ್ದವು. ಅದರ ವೇಗ ಒಂದು ಮೆಗಾಹರ್ಟ್ಸನ್ನೂ ಮುಟ್ಟಿರಲಿಲ್ಲ. ೧೯೮೧ರ ಐ.ಬಿ.ಎಂ. ಪರ್ಸನಲ್ ಕಂಪ್ಯೂಟರಿನ ವೇಗ ೪.೭೭ ಮೆಗಾಹರ್ಟ್ಸ್. ೨೦೦೪ರ ವೇಳೆಗೆ ಅದು ೩.೮ ಗಿಗಾಹರ್ಟ್ಸಿಗೆ ಏರಿತು. ಅಲ್ಲಿ ಶಾಖವು ಅಡ್ಡಬಂದಿತು. ೪ ಗಿಗಾಹರ್ಟ್ಸಿನ ಪೆಂಟಿಯಂ ೪ನ್ನು ತರುವ ಯೋಜನೆಯನ್ನು ಇಂಟೆಲ್ ಅದೇ ವರ್ಷ ಕೈಬಿಟ್ಟಿತು. ಅನಂತರ ಒಂದೇ ಚಿಪ್ಪಿನಲ್ಲಿ ಎರಡು, ನಾಲ್ಕು, ಎಂಟು ಕೋರುಗಳನ್ನಿಡುವ ಮಾರ್ಗವೇ ರೂಢಿಯಾಯಿತು.

ಆದರೆ ಕೋರುಗಳು ಹೆಚ್ಚಿದಷ್ಟೂ ಕೆಲಸ ಬೇಗ ಮುಗಿಯುವುದೆಂದು ಭಾವಿಸಲಾಗದು. ದಾಸೋಹದ ಅಡುಗೆಮನೆಯಲ್ಲಿ ಹತ್ತು ಜನ ಕೂಡಿ ರೊಟ್ಟಿ ತಟ್ಟಬಹುದು. ಒಂದು ಹಂಡೆಯ ಬೇಳೆ ಬೇಯುವ ಹೊತ್ತನ್ನು ಆ ಹತ್ತು ಜನರೂ ಕಡಿಮೆ ಮಾಡಲಾರರು. ಈ ತತ್ತ್ವವನ್ನು ೧೯೬೭ರಲ್ಲಿ ಜೀನ್ ಆಮ್‌ಡಾಲ್ ಎಂಬ ತಜ್ಞರು ಪ್ರತಿಪಾದಿಸಿದರು. ಕೆಲಸದ ಐದನೆಯ ಒಂದು ಭಾಗವನ್ನು ಹಂಚಲು ಬಾರದಿದ್ದರೆ, ಎಷ್ಟು ಕೋರುಗಳಿದ್ದರೂ ವೇಗವು ಐದು ಪಟ್ಟನ್ನು ಮೀರದು.

೨. ಆಯ್ಕೆಯ ಕ್ರಮ

ಮೊದಲು ಉದ್ದೇಶವನ್ನು ನಿರ್ಣಯಿಸಬೇಕು. ಬರವಣಿಗೆ, ಲೆಕ್ಕಪತ್ರ, ಪಾಠಗಳ ವೀಕ್ಷಣೆ ಇವಿಷ್ಟಕ್ಕೆ ನಾಲ್ಕು ಕೋರುಗಳ ಸಾಧಾರಣ ಸಂಸ್ಕಾರಕವೇ ಧಾರಾಳವಾಯಿತು. ಚಲನಚಿತ್ರ ಸಂಕಲನವೇ ಮುಂತಾದ, ಹಂಚಿ ಮಾಡಬಹುದಾದ ಕೆಲಸಗಳಿಗೆ ಎಂಟು ಅಥವಾ ಹೆಚ್ಚು ಕೋರುಗಳು ಸಾರ್ಥಕ.

ಎರಡನೆಯದಾಗಿ ಹೊಂದಾಣಿಕೆಯನ್ನು ನೋಡಬೇಕು. ಇಲ್ಲವಾದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತಾದೀತು. ಸಂಸ್ಕಾರಕ ಕೂರುವ ಸಾಕೆಟ್ ಮದರ್‌ಬೋರ್ಡಿನಲ್ಲಿ ಅದಕ್ಕೆ ತಕ್ಕುದೇ ಇರಬೇಕು. ಎ.ಎಂ.ಡಿ. ಸಂಸ್ಥೆಯ ಎ.ಎಂ.೫ ಸಾಕೆಟ್ಟಿನೊಡನೆ ಡಿ.ಡಿ.ಆರ್.೫ ಸ್ಮೃತಿಯೇ ಬೇಕು, ಹಳೆಯ ಡಿ.ಡಿ.ಆರ್.೪ ಸಲ್ಲದು. ಇಂಟೆಲ್ ಕೋರ್ ಸಂಸ್ಕಾರಕದ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಅದರಲ್ಲಿ ಚಿತ್ರ ಮೂಡಿಸುವ ಅಂಗವಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಕಾಗುತ್ತದೆ. ‘ಕೆ’ ಇದ್ದರೆ ವೇಗವರ್ಧನೆಗೆ ಅವಕಾಶವುಂಟು. ಅದಕ್ಕೆ ‘ಝಡ್’ ಶ್ರೇಣಿಯ ಮದರ್‌ಬೋರ್ಡ್ ಸಹ ಬೇಕು.

೩. ವೇಗವರ್ಧನೆ

ತಯಾರಕರು ವಿಧಿಸಿದ ವೇಗವನ್ನು ಮೀರಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಇದರ ಪ್ರಸಿದ್ಧ ನಿದರ್ಶನ ೧೯೯೮ರ ಸೆಲೆರಾನ್ ೩೦೦ಎ. ಸಂಸ್ಕಾರಕದ ವೇಗವೆಂದರೆ ಮೂಲತಾಳ ಮತ್ತು ಗುಣಕ ಇವುಗಳ ಗುಣಲಬ್ಧ. ಇದರಲ್ಲಿ ಗುಣಕವು ೪.೫ಕ್ಕೆ ಬಿಗಿಯಲ್ಪಟ್ಟಿತ್ತು, ಮೂಲತಾಳ ಸುಮಾರು ೬೬.೭, ಗುಣಿಸಿದರೆ ೩೦೦ ಮೆಗಾಹರ್ಟ್ಸ್. ಉತ್ಸಾಹಿಗಳು ಮದರ್‌ಬೋರ್ಡಿನಲ್ಲಿ ಮೂಲತಾಳವನ್ನು ೧೦೦ಕ್ಕೆ ಏರಿಸಿದರು; ವೇಗ ೪೫೦ ಆಯಿತು. ಅಗ್ಗದ ಸಂಸ್ಕಾರಕವು ಹಲವು ಕೆಲಸಗಳಲ್ಲಿ ದುಬಾರಿಯಾದ ಪೆಂಟಿಯಂ ೨ಕ್ಕೆ ಸಮನಾಗಿ ನಿಂತಿತು.

ಅಂದಿನ ಆ ಲಾಭ ಇಂದು ವಿರಳ. ೨೦೦೮ರಲ್ಲಿ ಇಂಟೆಲ್ ಟರ್ಬೋ ಬೂಸ್ಟನ್ನು ತಂದಿತು. ಈಗ ಸಂಸ್ಕಾರಕಗಳು ಶಾಖ ಮತ್ತು ವಿದ್ಯುತ್ತನ್ನು ಅಳೆದುಕೊಂಡು ತಾವೇ ವೇಗವೇರುತ್ತವೆ. ನಮಗುಳಿಯುವ ಅವಕಾಶ ಅತ್ಯಲ್ಪ.

ವೆಚ್ಚದ ಲೆಕ್ಕವನ್ನೂ ನೋಡೋಣ. ಚಿಪ್ಪು ಕೆಲಸಮಾಡುವಾಗ ಬಳಸುವ ವಿದ್ಯುತ್ತು ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ವೇಗವನ್ನು ನೂರಕ್ಕೆ ಹತ್ತು ಏರಿಸಿ, ಅದಕ್ಕಾಗಿ ವೋಲ್ಟೇಜನ್ನೂ ನೂರಕ್ಕೆ ಹತ್ತು ಏರಿಸಿದೆವೆನ್ನಿ: ೧.೧ × ೧.೧ × ೧.೧ = ೧.೩೩೧. ಹತ್ತರ ಲಾಭಕ್ಕೆ ಮೂವತ್ತಮೂರರ ಶಾಖ! ಫ್ಯಾನ್ ಎಷ್ಟೇ ದೊಡ್ಡದಿರಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಬೇಸಿಗೆಯಲ್ಲಿ ೪೦ ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳವರು ಇದನ್ನು ಮರೆಯಬಾರದು.

ಮಾಡಲೇಬೇಕೆಂಬ ಹಂಬಲವುಳ್ಳವರು ಹೆಜ್ಜೆಹೆಜ್ಜೆಗೆ ನಡೆಯಬೇಕು. ಗುಣಕವನ್ನು ಒಂದೊಂದೇ ಅಂಕ ಏರಿಸಬೇಕು. ಪ್ರತಿ ಸಲವೂ ಶಾಖವನ್ನು ನೋಡಬೇಕು. ಪ್ರೈಮ್೯೫ರಂತಹ, ಉತ್ತರವನ್ನು ತಾಳೆನೋಡುವ ಪರೀಕ್ಷೆಯನ್ನು ಗಂಟೆಗಟ್ಟಲೆ ನಡೆಸಬೇಕು. ಒಂದೇ ತಪ್ಪು ಕಂಡರೂ ಹಿಂದಕ್ಕೆ ಸರಿಯಬೇಕು. ಇದರಿಂದ ವಾರಂಟಿ ತಪ್ಪುವ ಸಂಭವವನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು.

೪. ಸ್ವಾನುಭವ

೨೦೧೨ರಲ್ಲಿ ನಾನೊಂದು ಓಲೆಗರಿಯ ಪ್ರತಿಯಿಂದ ಪಾಠಾಂತರಗಳನ್ನು ಗಣಕಯಂತ್ರದಲ್ಲಿ ಬೆರಳಚ್ಚಿಸುತ್ತಿದ್ದೆ. ರಜೆಗೆ ಬಂದ ಸೋದರಳಿಯನು ಯಂತ್ರದ ವೇಗವನ್ನು ಏರಿಸಿ, ಹತ್ತು ನಿಮಿಷ ನೋಡಿ, “ಏನೂ ತೊಂದರೆಯಿಲ್ಲ ಮಾವ” ಎಂದನು. ನನಗೂ ಹಿಗ್ಗಾಯಿತು. ಬೇಸಿಗೆಯಲ್ಲಿ ಯಂತ್ರವು ಎರಡು ಬಾರಿ ತಾನಾಗಿ ನಿಂತಿತು, ಅಲಕ್ಷಿಸಿದೆ. ಒಂದು ಬೆಳಿಗ್ಗೆ ಕಡತ ತೆರೆಯಲಿಲ್ಲ. ಅದೇ ಯಂತ್ರದಲ್ಲಿ ಮಾಡಿಟ್ಟಿದ್ದ ಪ್ರತಿಯೂ ಕೆಟ್ಟಿತ್ತು. ಬಳಿಕ ಪರೀಕ್ಷಿಸಿದಾಗ, ಏರಿಸಿದ ವೇಗದಲ್ಲಿ ಲೆಕ್ಕಗಳು ತಪ್ಪುತ್ತಿದ್ದವು. ಸಹಜ ವೇಗದಲ್ಲಿ ಒಂದೂ ತಪ್ಪಲಿಲ್ಲ. ಓಲೆಗಳನ್ನು ಒಡೆಯರಿಂದ ಮತ್ತೆ ಬೇಡಿ ತಂದೆ. ಅಷ್ಟರಲ್ಲಿ ಎರಡು ಗರಿಗಳ ಅಂಚು ಮುರಿದಿತ್ತು. ನಾನು ಮೊದಲು ಓದಿದ್ದ ಆ ಅಕ್ಷರಗಳು ಈಗ ಎಲ್ಲಿಯೂ ಇಲ್ಲ.

ಯಂತ್ರ ಸುಟ್ಟರೆ ಬೇರೊಂದನ್ನು ಕೊಳ್ಳಬಹುದು. ಕೆಡದಂತೆ ತೋರುತ್ತ ತಪ್ಪು ಲೆಕ್ಕ ಕೊಡುವ ಯಂತ್ರವೇ ಹೆಚ್ಚು ಅಪಾಯಕಾರಿ. ತಯಾರಕರೂ ಇದಕ್ಕೆ ಹೊರತಲ್ಲ: ೨೦೨೪ರಲ್ಲಿ ಇಂಟೆಲ್ ತನ್ನ ೧೩ ಮತ್ತು ೧೪ನೆಯ ತಲೆಮಾರಿನ ಕೆಲವು ಸಂಸ್ಕಾರಕಗಳು ಮಿತಿಮೀರಿದ ವೋಲ್ಟೇಜಿನಿಂದ ಅಸ್ಥಿರವಾಗುತ್ತಿವೆಯೆಂದು ಒಪ್ಪಿ, ತಿದ್ದುಪಡಿ ಹೊರಡಿಸಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು.

ಆದ್ದರಿಂದ ಶಾಲೆಗೆ ಯಂತ್ರಗಳನ್ನು ದಾನಮಾಡುವ ಮಹನೀಯರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಸಾಧಾರಣ ಸಂಸ್ಕಾರಕವನ್ನು ಆರಿಸಿ, ಉಳಿದ ಹಣವನ್ನು ಸಾಕಷ್ಟು ಸ್ಮೃತಿ, ಎಸ್.ಎಸ್.ಡಿ. ಮತ್ತು ಯು.ಪಿ.ಎಸ್.ಗಳಿಗೆ ವಿನಿಯೋಗಿಸಿರಿ. ವೇಗವರ್ಧನೆಯನ್ನು ಕಲಿಯಬಯಸುವ ಮಕ್ಕಳಿಗೆ ಹಳೆಯ ಯಂತ್ರವೊಂದನ್ನು ಬೇರೆಯಾಗಿ ಕೊಡಿರಿ. ಅದರಲ್ಲಿ ಅವರು ನಿರ್ಭಯವಾಗಿ ಪ್ರಯೋಗ ಮಾಡಲಿ. ಅಕ್ಷರಗಳನ್ನು ಕಾಯುವ ಯಂತ್ರವು ಮಾತ್ರ ತನ್ನ ಸಹಜ ವೇಗದಲ್ಲಿಯೇ ನಡೆಯಲಿ.