ಎಕ್ಸ್‌ಚೇಂಜ್‌ಗೆ ಮೊದಲೇ ಕೇಳಿ: ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವವರು ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಇಂಗ್ಲೆಂಡಿನಲ್ಲಿ ಮೊದಲ ಸಲ ಮನೆ ಕೊಳ್ಳಲು ಹೊರಟಿರುವ ಕನ್ನಡಿಗರಿಗೆ. ವೇಲ್ಸ್‌ನಲ್ಲಿ ಕೊಳ್ಳುವವರಿಗೂ ಬಹುಪಾಲು ಅನ್ವಯಿಸುತ್ತದೆ, ತೆರಿಗೆಯ ಲೆಕ್ಕ ಮಾತ್ರ ಅಲ್ಲಿ ಬೇರೆ. ಸ್ಕಾಟ್ಲೆಂಡಿನ ಕಾನೂನೇ ಬೇರೆ, ಅಲ್ಲಿ ಕೊಳ್ಳುವವರು ಇದನ್ನು ನೆಚ್ಚಿಕೊಳ್ಳಬೇಡಿ. ಮನೆಯ ದೋಷವನ್ನು ಹುಡುಕಿ ನಿಮ್ಮ ಕೈಗೆ ಕೊಡುವ ಹೊಣೆ ಇಲ್ಲಿ ಯಾರದ್ದೂ ಅಲ್ಲ. ಕೇಳಬೇಕಾದವರು ನೀವು. ಕೇಳಲು ಇರುವ ಕಾಲ ಎಕ್ಸ್‌ಚೇಂಜ್ ಆಗುವ ತನಕ ಮಾತ್ರ.

ಆಫರ್ ಒಪ್ಪಿದ ಮಾತ್ರಕ್ಕೆ ಮನೆ ನಿಮ್ಮದೆಂದು ನಂಬಬೇಡಿ.

ಮಾಲೀಕರು ಒಪ್ಪಿದ್ದಾರೆ ಎಂದು ಏಜೆಂಟ್ ಫೋನ್ ಮಾಡಿದ ದಿನವೇ ಊರಿಗೆಲ್ಲ ಸುದ್ದಿ ಮುಟ್ಟಿಸುವವರಿದ್ದಾರೆ. 1989ರ ಕಾಯ್ದೆಯ ಪ್ರಕಾರ ಜಮೀನು, ಮನೆಗಳ ಕರಾರು ಬರಹದಲ್ಲಿರಬೇಕು, ಎರಡೂ ಕಡೆಯವರು ಸಹಿ ಹಾಕಿರಬೇಕು. ಹಾಗೆ ಸಹಿಯಾದ ಪ್ರತಿಗಳನ್ನು ಇಬ್ಬರ ಸಾಲಿಸಿಟರ್‌ಗಳು ಅದಲುಬದಲು ಮಾಡಿಕೊಳ್ಳುವುದೇ ಎಕ್ಸ್‌ಚೇಂಜ್. ಅಲ್ಲಿಯವರೆಗೆ ಮಾಲೀಕರು ಹೆಚ್ಚು ಕೊಡುವವರಿಗೆ ಮಾರಿಬಿಡಬಹುದು, ನೀವೂ ಬೇಡವೆನ್ನಬಹುದು. ಯಾರೂ ಯಾರಿಗೂ ಪರಿಹಾರ ಕೊಡಬೇಕಿಲ್ಲ. ಸರ್ವೆಗೆ, ದಾಖಲೆ ಹುಡುಕಿಸುವ ಸರ್ಚ್‌ಗೆ, ಸಾಲಿಸಿಟರ್‌ಗೆ ಕಟ್ಟಿದ್ದು ಹೋಯಿತು, ಅಷ್ಟೆ. ಎಕ್ಸ್‌ಚೇಂಜ್ ಆದ ಗಳಿಗೆಯಿಂದ ಕಥೆ ತಿರುಗುತ್ತದೆ. ಬೆಲೆಯ ಶೇ. 10ರಷ್ಟನ್ನು ಸಾಮಾನ್ಯವಾಗಿ ಡೆಪಾಸಿಟ್ ಆಗಿ ಕಟ್ಟಿರುತ್ತೀರಿ. ಆಮೇಲೆ ಹಿಂದೆ ಸರಿದರೆ ಅದು ಮುಳುಗುತ್ತದೆ, ಅದಕ್ಕೂ ಮೀರಿದ ನಷ್ಟವನ್ನು ಮಾರುವವರು ನಿಮ್ಮಿಂದ ಕೇಳಬಹುದು.

ಆದ್ದರಿಂದ ಎಕ್ಸ್‌ಚೇಂಜ್‌ಗೆ ಮೊದಲು ಬಾಡಿಗೆ ಮನೆಗೆ ನೋಟಿಸ್ ಕೊಡಬೇಡಿ. ಗೃಹಪ್ರವೇಶಕ್ಕೆ ಮುಹೂರ್ತ ಇಡಿಸಿ ಅಪ್ಪ ಅಮ್ಮನಿಗೆ ಟಿಕೆಟ್ ಬುಕ್ ಮಾಡಬೇಡಿ. ಆಷಾಢ ಬಂದುಬಿಡುತ್ತದೆಂದು, ಸಾಲಿಸಿಟರ್ ಕೇಳಿದ ಪ್ರಶ್ನೆಗಳಿಗೆ ಉತ್ತರ ಬರುವ ಮುಂಚೆಯೇ ಸಹಿ ಹಾಕುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮುಹೂರ್ತ ಮತ್ತೆ ಸಿಗುತ್ತದೆ. ಎಕ್ಸ್‌ಚೇಂಜ್ ಆದ ಮೇಲೆ ಸಿಕ್ಕ ದೋಷಕ್ಕೆ ಕಂತು ಕಟ್ಟುತ್ತ ಕೂರಬೇಕಾದವರು ನೀವೇ.

ಏಜೆಂಟರನ್ನು ನಿಮ್ಮ ಕಡೆಯವರೆಂದು ತಿಳಿಯಬೇಡಿ.

ಅವರಿಗೆ ಕಮಿಷನ್ ಕೊಡುವವರು ಮಾರುವವರು. ಅವರು ಹೇಳಿದ ಸಾಲಿಸಿಟರ್ ಬಳಿಗೇ, ಬ್ರೋಕರ್ ಬಳಿಗೇ ಹೋಗಬೇಕೆಂಬ ಕಡ್ಡಾಯವಿಲ್ಲ. ಸಾಲಿಸಿಟರ್ ಆದರೆ ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಯ ಪಟ್ಟಿಯಲ್ಲಿ, ಆಸ್ತಿ ವರ್ಗಾವಣೆ ನೋಡಿಕೊಳ್ಳುವ ಲೈಸೆನ್ಸ್ಡ್ ಕನ್ವೇಯನ್ಸರ್ ಆದರೆ ಅವರ ಕೌನ್ಸಿಲ್‌ನ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿಕೊಂಡು ನೀವೇ ಆರಿಸಿ.

ಭಾರತದಲ್ಲಿರುವ ಮನೆಯನ್ನು ಮುಚ್ಚಿಡಬೇಡಿ.

ಕನ್ನಡಿಗರು ಹೆಚ್ಚು ಎಡವುವ ಜಾಗ ಇದು. ಸ್ಟಾಂಪ್ ಡ್ಯೂಟಿ ಲೆಕ್ಕ ಹಾಕುವಾಗ ನಿಮಗೆ ಇಂಗ್ಲೆಂಡಿನಲ್ಲಿ ಬೇರೆ ಮನೆ ಇದೆಯೇ ಎಂದಷ್ಟೇ ನೋಡುವುದಿಲ್ಲ, ಪ್ರಪಂಚದಲ್ಲಿ ಎಲ್ಲಾದರೂ ಇದೆಯೇ ಎಂದು ನೋಡುತ್ತಾರೆ. ಬೆಂಗಳೂರಿನ ಫ್ಲ್ಯಾಟ್, ಮೈಸೂರಿನಲ್ಲಿ ಅಪ್ಪನ ಕಾಲದ ಮನೆಯ ಪಾಲು, ಬಾಡಿಗೆಗೆ ಬಿಟ್ಟಿರುವ ಹುಬ್ಬಳ್ಳಿಯ ಮನೆ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಿಮ್ಮ ಪಾಲಿನ ಬೆಲೆ 40,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ನೀವು ಇಲ್ಲಿ ಕೊಳ್ಳುವುದು ಎರಡನೇ ಮನೆ. 2024ರ ಅಕ್ಟೋಬರ್ 31ರಿಂದ ಅದಕ್ಕೆ ಇಡೀ ಬೆಲೆಯ ಮೇಲೆ ಶೇ. 5 ಹೆಚ್ಚುವರಿ ತೆರಿಗೆ.

4 ಲಕ್ಷ ಪೌಂಡಿನ ಮನೆ ಎಂದಿಟ್ಟುಕೊಳ್ಳಿ. 2025ರ ಏಪ್ರಿಲ್ 1ರಿಂದ ಇರುವ ದರದಲ್ಲಿ, ಎಲ್ಲೂ ಎಂದೂ ಮನೆ ಹೊಂದಿರದವರಿಗೆ ಬೀಳುವ ತೆರಿಗೆ 5,000 ಪೌಂಡ್. ಮೊದಲು ಮನೆ ಇದ್ದು ಈಗ ಇಲ್ಲದವರಿಗೆ 10,000. ಊರಲ್ಲಿ ಮನೆ ಇರುವವರಿಗೆ 30,000. ಈ ವ್ಯತ್ಯಾಸ ಕಂಡು ಎದೆ ಒಡೆಯುವುದು ಸಹಜ, ಆದರೆ ಸ್ಟಾಂಪ್ ಡ್ಯೂಟಿ ರಿಟರ್ನ್‌ನಲ್ಲಿ ಸುಳ್ಳು ಹೇಳಬೇಡಿ. ಅದರಲ್ಲಿರುವ ಮಾಹಿತಿಗೆ ಹೊಣೆ ನೀವು, ಸಾಲಿಸಿಟರ್ ಅಲ್ಲ. 'ಹೆಂಡತಿಯ ಹೆಸರಿಗೆ ಮಾತ್ರ ಬರೆಸಿದರಾಯಿತು' ಎನ್ನುವ ಸಲಹೆಯನ್ನೂ ಕೇಳಬೇಡಿ. ಒಟ್ಟಿಗೆ ಬಾಳುವ ಗಂಡ ಹೆಂಡಿರಲ್ಲಿ ಒಬ್ಬರೇ ಕೊಂಡರೂ ಇನ್ನೊಬ್ಬರ ಮನೆ ಈ ಹೆಚ್ಚುವರಿ ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ.

ರಿಯಾಯಿತಿಯ ದಾರಿಗಳಿವೆ, ಅವನ್ನು ಕೇಳಿ. ವಾರಸಾಗಿ ಬಂದ ಪಾಲು ಕಳೆದ ಮೂರು ವರ್ಷದೊಳಗೆ ಬಂದಿದ್ದು, ಗಂಡ ಹೆಂಡಿರ ಪಾಲು ಸೇರಿಯೂ ಅರ್ಧಕ್ಕೆ ಮೀರದಿದ್ದರೆ ಹೆಚ್ಚುವರಿ ತೆರಿಗೆಗೆ ಅದನ್ನು ಹಿಡಿಯುವುದಿಲ್ಲ. ಇಲ್ಲಿ ಕೊಳ್ಳುವ ಮುಂಚಿನ ಮೂರು ವರ್ಷಗಳಲ್ಲಿ ನೀವೇ ವಾಸವಿದ್ದ ಊರಿನ ಮನೆಯನ್ನು, ಇಲ್ಲಿ ಕೊಂಡ ಮೂರು ವರ್ಷದೊಳಗೆ ಮಾರಿದರೆ, ಹೆಚ್ಚುವರಿ ಕಟ್ಟಿದ್ದನ್ನು ವಾಪಸ್ ಕೇಳಬಹುದು. ಬರೀ ಬಾಡಿಗೆಗೆಂದು ಕೊಂಡ ಫ್ಲ್ಯಾಟಿಗೆ ಈ ಅನುಕೂಲವಿಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು. ತವರಿನ ಮನೆ ಅಣ್ಣಂದಿರದ್ದು ಎಂದು ಬಾಯಿಮಾತಿಗೆ ಹೇಳುತ್ತೇವೆ. ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಭಾಗಪತ್ರ ಆಗಿದೆಯೇ, ಹಕ್ಕು ಬಿಟ್ಟುಕೊಟ್ಟ ರಿಲೀಸ್ ಡೀಡ್ ಇದೆಯೇ ಎಂಬುದನ್ನು ಸಾಲಿಸಿಟರ್ ಮುಂದಿಡಿ. ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಹೇಳುವುದು ಅವರ ಕೆಲಸ.

ಬಂದು ವರ್ಷ ಕಳೆಯದವರೂ ಗಮನಿಸಿ: ಕೊಳ್ಳುವ ಮುಂಚಿನ 12 ತಿಂಗಳಲ್ಲಿ 183 ದಿನ ಈ ದೇಶದಲ್ಲಿ ಇರದಿದ್ದರೆ ಮತ್ತೆ ಶೇ. 2 ಸೇರುತ್ತದೆ.

ಹಣದ ಹಾದಿಯನ್ನು ಮೊದಲೇ ಸರಿಪಡಿಸಿಕೊಳ್ಳಿ.

ಹಣ ಎಲ್ಲಿಂದ ಬಂತೆಂದು ಸಾಲಿಸಿಟರ್ ಕೇಳುವುದು ಅನುಮಾನದಿಂದಲ್ಲ, ಅಕ್ರಮ ಹಣ ತಡೆಯುವ ನಿಯಮ ಅವರ ತಲೆಯ ಮೇಲಿದೆ. ಅಪ್ಪ ಸೈಟ್ ಮಾರಿ ಕಳಿಸಿದ್ದರೆ ಕ್ರಯಪತ್ರ, ಆ ಹಣ ಬ್ಯಾಂಕಿಗೆ ಬಿದ್ದ ಸ್ಟೇಟ್‌ಮೆಂಟ್, ಅಲ್ಲಿಂದ ಇಲ್ಲಿಗೆ ಬಂದ ದಾಖಲೆ, ಮೂರೂ ಬೇಕು. ಕ್ರಯಪತ್ರ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಮಾಡಿಸಿಡಿ. ಭಾರತದಲ್ಲಿ ನೆಲೆಸಿರುವವರು ಉದಾರೀಕೃತ ರವಾನೆ ಯೋಜನೆಯಡಿ ಒಂದು ಹಣಕಾಸು ವರ್ಷದಲ್ಲಿ ತಲಾ 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಅದಕ್ಕೆ ಮೀರುವುದಾದರೆ ಮಾರ್ಚ್ ಮುಗಿಯುವುದನ್ನು ನೋಡಿಕೊಂಡು ಯೋಜಿಸಿ. ನಾಲ್ಕು ಗೆಳೆಯರ ಖಾತೆಗಳಿಗೆ ಚೂರು ಚೂರು ಹಾಕಿಸಿ ಕೂಡಿಸಬೇಡಿ. ಹಾಗೆ ಬಂದ ಹಣಕ್ಕೆ ಉತ್ತರ ಕೊಡುವಷ್ಟರಲ್ಲಿ ಮನೆ ಕೈತಪ್ಪುತ್ತದೆ.

ಹಣ ಕೊಟ್ಟವರು ಸಾಲ ಕೊಡುವ ಬ್ಯಾಂಕಿಗೆ ಬರೆದುಕೊಡುವ ಗಿಫ್ಟ್ ಪತ್ರದಲ್ಲಿ 'ಇದನ್ನು ಹಿಂತಿರುಗಿಸಬೇಕಿಲ್ಲ, ಮನೆಯಲ್ಲಿ ನನಗೆ ಪಾಲಿಲ್ಲ' ಎಂದಿರುತ್ತದೆ. ಅಣ್ಣನಿಂದ ತಂದದ್ದು ಸಾಲವಾದರೆ ಆ ಪತ್ರಕ್ಕೆ ಅವರಿಂದ ಸಹಿ ಹಾಕಿಸಬೇಡಿ. ಸಾಲವೆಂದೇ ಬ್ಯಾಂಕಿಗೆ ಹೇಳಿ.

ಸಾಲ ಕೊಡುವ ಬ್ಯಾಂಕಿನ ವ್ಯಾಲ್ಯುಯೇಷನ್ ಅನ್ನು ಸರ್ವೆ ಎಂದುಕೊಳ್ಳಬೇಡಿ.

ಅದು ಬ್ಯಾಂಕಿನ ನೆಮ್ಮದಿಗೆ. ನಿಮ್ಮ ನೆಮ್ಮದಿಗೆ ಚಾರ್ಟರ್ಡ್ ಸರ್ವೇಯರ್ ಬೇಕು. ಸಾಮಾನ್ಯ ಮನೆಗೆ ಲೆವೆಲ್ 2 ಸರ್ವೆ, ವಿಕ್ಟೋರಿಯನ್ ಕಾಲದ್ದಕ್ಕೆ ಅಥವಾ ಹೆಚ್ಚು ಬದಲಾವಣೆ ಕಂಡ ಮನೆಗೆ ಲೆವೆಲ್ 3. ಮಾರುವವರು ತುಂಬಿಕೊಡುವ ಟಿಎ6 ಫಾರಂ ಅನ್ನು ನೀವೇ ಕೂತು ಓದಿ. ನೆರೆಯವರ ಜಗಳ, ನೆರೆ ನೀರು, ಜಪಾನೀಸ್ ನಾಟ್‌ವೀಡ್ ಎಂಬ ಬೇರುಬಿಟ್ಟು ಹಬ್ಬುವ ಗಿಡ, ಎಲ್ಲವೂ ಅಲ್ಲಿರುತ್ತವೆ. ಅದರಲ್ಲಿ ಸುಳ್ಳು ಬರೆದಿದ್ದರೆ ಕೋರ್ಟಿಗೆ ಹೋಗಲು ಆಧಾರವಿದೆ. ಅಡುಗೆಮನೆಯಲ್ಲಿ ನಿಂತು ಬಾಯಲ್ಲಿ ಹೇಳಿದ್ದನ್ನು ಸಾಬೀತು ಮಾಡುವುದು ಕಷ್ಟ. ಆದ್ದರಿಂದ ಪ್ರತಿ ಪ್ರಶ್ನೆಯೂ ಸಾಲಿಸಿಟರ್ ಮೂಲಕ, ಬರಹದಲ್ಲಿ ಹೋಗಲಿ.

ಅಟ್ಟವನ್ನು ಕೋಣೆ ಮಾಡಿದ್ದಾರೆ, ಹಿಂದೆ ಎಕ್ಸ್‌ಟೆನ್ಷನ್ ಹಾಕಿದ್ದಾರೆ ಎಂದರೆ ಪ್ಲಾನಿಂಗ್ ಪರ್ಮಿಷನ್ ಬೇರೆ, ಬಿಲ್ಡಿಂಗ್ ರೆಗ್ಯುಲೇಷನ್ ಸರ್ಟಿಫಿಕೇಟ್ ಬೇರೆ. ಎರಡನ್ನೂ ಕೇಳಿ. ಕಾಗದ ಇಲ್ಲವೆಂದು ಗೊತ್ತಾದ ಕೂಡಲೇ ನೀವೇ ಸ್ಥಳೀಯ ಕೌನ್ಸಿಲ್‌ಗೆ ಫೋನ್ ಮಾಡಬೇಡಿ. ಕೌನ್ಸಿಲ್ ಕಿವಿಗೆ ಬಿದ್ದ ಮೇಲೆ ಇಂಥ ಕೊರತೆಗೆ ಮಾಡಿಸುವ ಇಂಡೆಮ್ನಿಟಿ ವಿಮೆ ಸಿಗುವುದಿಲ್ಲ. ಮೊದಲು ಸಾಲಿಸಿಟರ್ ಜೊತೆ ಮಾತಾಡಿ. ಹಾಗೆಂದು ಆ ವಿಮೆಯಿಂದ ತೊಲೆ ಗಟ್ಟಿಯಾಗುವುದಿಲ್ಲ. ಗಟ್ಟಿಯಿದೆಯೇ ಎಂದು ಸರ್ವೇಯರ್ ನೋಡಬೇಕು.

ಫ್ಲ್ಯಾಟ್ ಆದರೆ ಲೀಸ್ ಓದದೆ ಮುಂದೆ ಹೆಜ್ಜೆ ಇಡಬೇಡಿ.

ಇಲ್ಲಿನ ಫ್ಲ್ಯಾಟ್ ಬಹುತೇಕ ಲೀಸ್‌ಹೋಲ್ಡ್, ಅಂದರೆ ನೀವು ಕೊಳ್ಳುವುದು ಉಳಿದ ವರ್ಷಗಳನ್ನು. ಎಷ್ಟು ಉಳಿದಿದೆ ಎಂಬುದೇ ಮೊದಲ ಪ್ರಶ್ನೆ. 80 ವರ್ಷಕ್ಕಿಂತ ಕೆಳಗಿಳಿದರೆ ಲೀಸ್ ಮುಂದುವರಿಸಲು ಭೂಮಾಲೀಕರಿಗೆ ಹೆಚ್ಚು ತೆರಬೇಕು ಎಂಬುದು ಹಳೆಯ ನಿಯಮ. ಅದನ್ನು ತೆಗೆಯಲು 2024ರಲ್ಲಿ ಕಾಯ್ದೆಯಾಗಿದೆ, ಆದರೆ ಅದರ ಭಾಗಗಳು ಒಂದೊಂದಾಗಿ ಜಾರಿಗೆ ಬರುವಂಥವು. ನೀವು ಸಹಿ ಹಾಕುವ ದಿನ ಯಾವುದು ಜಾರಿಯಲ್ಲಿದೆ ಎಂದು ಬರಹದಲ್ಲಿ ಕೇಳಿ. 2022ರ ಜೂನ್ 30ರ ನಂತರ ಬರೆದ ಬಹುತೇಕ ಹೊಸ ಲೀಸ್‌ಗಳಿಗೆ ಭೂಮಾಲೀಕರಿಗೆ ಕಟ್ಟುವ ಗ್ರೌಂಡ್ ರೆಂಟ್ ಇಲ್ಲ. ಹಳೆಯದಾದರೆ ಎಷ್ಟು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ ನೋಡಿ. ಕಳೆದ ಮೂರು ವರ್ಷದ ಸರ್ವಿಸ್ ಚಾರ್ಜ್ ಲೆಕ್ಕ ತರಿಸಿ. ಚಾವಣಿ, ಲಿಫ್ಟ್‌ನಂಥ ದೊಡ್ಡ ಕೆಲಸಕ್ಕೆ ನೋಟಿಸ್ ಬಂದಿದೆಯೇ ಕೇಳಿ. ಬಂದಿದ್ದರೆ ಆ ಬಿಲ್ ನಿಮ್ಮ ತಲೆಗೆ.

2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ ಹತ್ತಿದ ಬೆಂಕಿ 72 ಜನರನ್ನು ಬಲಿ ತೆಗೆದುಕೊಂಡಿತು. ಗೋಡೆಗೆ ಹೊದಿಸಿದ್ದ ಕ್ಲಾಡಿಂಗ್ ಬೆಂಕಿಯನ್ನು ಮೇಲಕ್ಕೆ ಹಬ್ಬಿಸಿತ್ತು. ಅದಾದ ಮೇಲೆ ಬಂದ 2022ರ ಬಿಲ್ಡಿಂಗ್ ಸೇಫ್ಟಿ ಕಾಯ್ದೆ ದುರಸ್ತಿಯ ಖರ್ಚಿನ ವಿಷಯದಲ್ಲಿ ಫ್ಲ್ಯಾಟ್ ಕೊಂಡವರಿಗೆ ಕೊಡುವ ರಕ್ಷಣೆ 11 ಮೀಟರ್ ಅಥವಾ ಐದು ಅಂತಸ್ತು ಮುಟ್ಟಿದ ಕಟ್ಟಡಗಳಿಗೆ. ಅಂಥ ಕಟ್ಟಡದಲ್ಲಿ ಕೊಳ್ಳುವುದಾದರೆ ಕ್ಲಾಡಿಂಗ್ ಸರಿಪಡಿಸುವ ಖರ್ಚು ಯಾರದ್ದು ಎಂಬುದಕ್ಕೆ ಕಾಗದ ಕೈಗೆ ಬರುವ ತನಕ ಎಕ್ಸ್‌ಚೇಂಜ್ ಬೇಡ. ಇದು ಬರೀ ದುಡ್ಡಿನ ಮಾತಲ್ಲ, ಮಕ್ಕಳು ಮಲಗುವ ಮನೆ ಅದು.

ಇಬ್ಬರ ಹೆಸರಲ್ಲಿ ಬರೆಸುವಾಗ ಯಾವ ಬಗೆ ಎಂದು ಹೇಳಿ ಬರೆಸಿ.

ಜಾಯಿಂಟ್ ಟೆನೆಂಟ್ಸ್ ಆದರೆ ಒಬ್ಬರು ತೀರಿಕೊಂಡಾಗ ಪೂರ್ತಿ ಮನೆ ಇನ್ನೊಬ್ಬರಿಗೆ, ವಿಲ್‌ನಲ್ಲಿ ಏನೇ ಬರೆದಿರಲಿ. ಟೆನೆಂಟ್ಸ್ ಇನ್ ಕಾಮನ್ ಆದರೆ ಅವರವರ ಪಾಲು ಅವರವರ ವಿಲ್‌ನಂತೆ. ಹೆಂಡತಿಯ ಅಪ್ಪ ದೊಡ್ಡ ಮೊತ್ತ ಕೊಟ್ಟಿದ್ದರೆ ಪಾಲು ಎಷ್ಟೆಂದು ಡಿಕ್ಲರೇಷನ್ ಆಫ್ ಟ್ರಸ್ಟ್ ಬರೆಸಿ. ಮನಸ್ತಾಪವಿಲ್ಲದ ದಿನಗಳಲ್ಲೇ ಇದನ್ನು ಮಾಡಬೇಕು.

ಇಮೇಲ್‌ನಲ್ಲಿ ಬಂದ ಖಾತೆ ಸಂಖ್ಯೆಗೆ ಹಣ ಹಾಕಬೇಡಿ.

'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ' ಎಂದು ಸಾಲಿಸಿಟರ್ ಹೆಸರಲ್ಲೇ ಕಳ್ಳರು ಬರೆಯುತ್ತಾರೆ. ಮೊದಲ ಭೇಟಿಯಲ್ಲಿ ಪಡೆದ ನಂಬರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ, ಇಮೇಲ್‌ನಲ್ಲಿರುವ ನಂಬರಿಗಲ್ಲ.

ಎಕ್ಸ್‌ಚೇಂಜ್ ದಿನದಿಂದಲೇ ಕಟ್ಟಡಕ್ಕೆ ವಿಮೆ ಮಾಡಿಸಿ. ಕೀಲಿ ಕೈಗೆ ಬರುವ ತನಕ ಕೆಲಸ ಬಿಡಬೇಡಿ, ಕಾರಿಗೆ ಹೊಸ ಸಾಲ ಮಾಡಬೇಡಿ. ಡೀಡ್‌ಗೆ ಸಹಿ ಹಾಕುವಾಗ ಸಾಕ್ಷಿ ನಿಮ್ಮ ಎದುರಿಗೇ ಇರಬೇಕು, ವಿಡಿಯೋ ಕರೆಯಲ್ಲಿ ನೋಡಿದರೆ ಸಾಲದು.

ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಹೆಸರು, ವಿಳಾಸ ಸರಿಯಿದೆಯೇ ನೋಡಿ.

ಇಲ್ಲಿ ಹಕ್ಕು ಇರುವುದು ರಿಜಿಸ್ಟರಿನಲ್ಲಿ, ಕಪಾಟಿನಲ್ಲಿಟ್ಟ ಪತ್ರದಲ್ಲಲ್ಲ. ಇನಿಷಿಯಲ್ ಬಿಡಿಸಿ ಬರೆದ ಹೆಸರು, ಅಪ್ಪನ ಹೆಸರು ಕೊನೆಗೆ ಸೇರಿದ ಹೆಸರು ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಇರಲಿ. ರಿಜಿಸ್ಟ್ರಿಯ ಪ್ರಾಪರ್ಟಿ ಅಲರ್ಟ್ ಸೇವೆ ಉಚಿತ, ಸೇರಿಕೊಳ್ಳಿ. ನಿಮ್ಮ ಮನೆಯ ದಾಖಲೆಯನ್ನು ಯಾರಾದರೂ ಬದಲಿಸಲು ಹೊರಟರೆ ಇಮೇಲ್ ಬರುತ್ತದೆ. ಮುಂದೆ ಮನೆಯನ್ನು ಬಾಡಿಗೆಗೆ ಬಿಟ್ಟು ಬೆಂಗಳೂರಿಗೆ ಮರಳುವುದಾದರೆ ಅಲ್ಲಿನ ವಿಳಾಸವನ್ನೂ ರಿಜಿಸ್ಟರಿಗೆ ಕೊಟ್ಟು ಹೋಗಿ. ಮೂರು ವಿಳಾಸಗಳ ತನಕ ಕೊಡಬಹುದು, ವಿದೇಶದ್ದೂ ನಡೆಯುತ್ತದೆ.